ಉಗುರಿನೊಳಗಿನ ಗುರು

'ಉಗುರು' ಎಂದು ಒಂದು ಕಾಗದದ ಮೇಲೆ ಬರೆದು, ಮೊದಲ ಅಕ್ಷರವನ್ನು ಬೆರಳಿನಿಂದ ಮುಚ್ಚಿಕೊಂಡು ನೋಡಿ. ಉಳಿಯುವುದು ಗುರು! ಭಾಷಾಶಾಸ್ತ್ರದ ದೃಷ್ಟಿಯಿಂದ ಇದೊಂದು ಶುದ್ಧ ಹುಡುಗಾಟ. ಒಂದು ಹಳಗನ್ನಡದ 'ಉಗುರ್', ಅಚ್ಚ ದ್ರಾವಿಡದ ಮಾತು. ಇನ್ನೊಂದು ಸಂಸ್ಕೃತದಿಂದ ಬಂದದ್ದು. ಎರಡಕ್ಕೂ ನಂಟು ಹೇಳಿ ಉತ್ತರ ಬರೆದ ವಿದ್ಯಾರ್ಥಿಗೆ ನಾನು ನಿರ್ದಾಕ್ಷಿಣ್ಯವಾಗಿ ಸೊನ್ನೆ ಕೊಟ್ಟೇನು. ಆದರೂ ಕಳೆದ ಒಂದು ವರ್ಷದಿಂದ ಈ ಸುಳ್ಳು ವ್ಯುತ್ಪತ್ತಿಯೇ ನನಗೆ ನಿಜವೆಂದು ತೋರುತ್ತಿದೆ. ಅದಕ್ಕೆ ಕಾರಣ ನಮ್ಮ ಬೀದಿಯ ಅಕ್ಕ.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ನನ್ನ ಹೆಂಡತಿ ಹಾಗೆ ಕರೆಯುತ್ತಾಳೆ; ಅವಳಿಗೆ ಅಕ್ಕನಾದ ಮೇಲೆ ನನಗೂ ಅಕ್ಕನೇ. ವಯಸ್ಸು ನಲವತ್ತರ ಆಸುಪಾಸು. ಮೈಸೂರಿನ ಒಂದು ಬ್ಯೂಟಿ ಪಾರ್ಲರಿನಲ್ಲಿ ಹನ್ನೆರಡು ವರ್ಷ ಅವರು ಮಾಡಿದ ಕೆಲಸವೆಂದರೆ ಪರರ ಉಗುರನ್ನು ತಿದ್ದುವುದು. 'ಉಗುರಿಗೂ ಒಂದು ಉದ್ಯೋಗವೆ?' ಎಂದು ಹುಬ್ಬೇರಿಸುವ ವಾಚಕರು ಇರಬಹುದು. ನಾನೂ ಅವರಲ್ಲೊಬ್ಬನಾಗಿದ್ದೆ. ನಮ್ಮ ಅಜ್ಜಿಯ ಕಾಲದಲ್ಲಿ ಉಗುರಿನ ಅಲಂಕಾರವೆಲ್ಲ ಹಿತ್ತಲಿನ ಗೋರಂಟಿ ಗಿಡದಲ್ಲಿ ಮುಗಿಯುತ್ತಿತ್ತು. ಈಗ ಹಾಗಲ್ಲ. ಉಗುರನ್ನು ಅರದಿಂದ ಉಜ್ಜಿ ಆಕಾರ ಕೊಡುವುದು, ಸುತ್ತಲಿನ ಸತ್ತ ಚರ್ಮವನ್ನು ತೆಗೆಯುವುದು, ಬಣ್ಣ ಬಳಿಯುವುದು, ಮುರಿದ ಉಗುರಿಗೆ ಅಕ್ರಿಲಿಕ್ಕಿನ ಅಥವಾ ಜೆಲ್ಲಿನ ಕೃತಕ ಉಗುರನ್ನು ಕೂಡಿಸುವುದು, ಅದರ ಮೇಲೆ ಕೂದಲೆಳೆಯ ಕುಂಚದಿಂದ ಹೂಬಳ್ಳಿ ಬರೆಯುವುದು—ಇವೆಲ್ಲ ಸೇರಿ ಒಂದು ಪೂರ್ಣ ಕಸಬಾಗಿದೆ. ಮದುವೆಯ ತಿಂಗಳುಗಳಲ್ಲಿ ಅಕ್ಕನಿಗೆ ಊಟಕ್ಕೂ ಬಿಡುವಿರುತ್ತಿರಲಿಲ್ಲ.

ಹನ್ನೆರಡು ವರ್ಷ ತಲೆ ಬಗ್ಗಿಸಿ ಕೂತು ಅವರ ಕತ್ತು ಸೆಟೆದುಕೊಂಡಿತ್ತು. ಬಲಗೈ ಮಣಿಕಟ್ಟು ರಾತ್ರಿಯೆಲ್ಲ ನೋಯುತ್ತಿತ್ತು. ಅರದ ಧೂಳು ಮತ್ತು ಅಸಿಟೋನಿನ ವಾಸನೆಯಿಂದ ಆಗಾಗ ಕೆಮ್ಮು. ಅದೇ ಸಮಯಕ್ಕೆ ಒಂದು ತರಬೇತಿ ಕೇಂದ್ರದವರು ಅವರನ್ನು ಕರೆದು, ಹುಡುಗಿಯರಿಗೆ ಈ ವಿದ್ಯೆಯನ್ನು ಹೇಳಿಕೊಡುವ ಕೆಲಸ ಕೊಡುತ್ತೇವೆಂದರು. ಸಂಬಳ ಪಾರ್ಲರಿನ ಸಂಪಾದನೆಗಿಂತ ಕಡಿಮೆ. ಗಿರಾಕಿಗಳು ಸಂತೋಷಕ್ಕೆ ಕೊಡುತ್ತಿದ್ದ ಹಣವೂ ಇಲ್ಲ. ಆದರೆ ಭಾನುವಾರದ ರಜೆ ಉಂಟು, ಕತ್ತಿಗೆ ವಿಶ್ರಾಂತಿ ಉಂಟು, ಮಗಳು ಪಿ.ಯು.ಸಿ. ಓದುವ ವರ್ಷ ಸಂಜೆ ಮನೆಯಲ್ಲಿರುವ ಅನುಕೂಲ ಉಂಟು. ಅಕ್ಕ ಒಪ್ಪಿಕೊಂಡರು. ಒಪ್ಪಿಕೊಂಡ ರಾತ್ರಿಯೇ ಗಾಬರಿಯಿಂದ ನಮ್ಮ ಮನೆಗೆ ಬಂದರು.

"ಮೇಷ್ಟ್ರೇ, ನನಗೆ ಕೆಲಸ ಬರುತ್ತೆ. ಕಲಿಸೋದು ಬರೋದಿಲ್ಲ. ನೀವು ದಿನಾ ಅದನ್ನೇ ಮಾಡ್ತೀರಲ್ಲ, ಹ್ಯಾಗೆ ಅಂತ ಸ್ವಲ್ಪ ಹೇಳಿಕೊಡಿ."

ಇಂಥ ಪ್ರಶ್ನೆಯನ್ನು ಕೇಳಿ ಹಿಗ್ಗದ ಅಧ್ಯಾಪಕನಿಲ್ಲ. ನನಗೆ ಕಲಿಸುವುದನ್ನು ಯಾರೂ ಕಲಿಸಿರಲಿಲ್ಲವೆಂಬುದು ಆ ಕ್ಷಣದಲ್ಲಿ ನೆನಪಾಗಲಿಲ್ಲ. ಎಂ.ಎ. ಮಾಡಿದವನು ಅರ್ಹತಾ ಪರೀಕ್ಷೆಯೊಂದನ್ನು ಪಾಸು ಮಾಡಿದರೆ ಕಾಲೇಜಿನ ತರಗತಿಗೆ ನೇರವಾಗಿ ನುಗ್ಗಬಹುದು, ಐ.ಟಿ.ಐ.ಗಳ ಕಸಬಿನ ಬೋಧಕರಿಗಾದರೋ ಒಂದು ವರ್ಷದ ಪ್ರತ್ಯೇಕ ಬೋಧಕ ತರಬೇತಿಯೇ ಉಂಟು. ಈ ವಿಷಯದಲ್ಲಿ ಅವರೇ ನಮಗಿಂತ ಮುಂದು. ಇರಲಿ. ನಾನು ಗಂಭೀರವಾಗಿ ಕನ್ನಡಕ ಸರಿಪಡಿಸಿಕೊಂಡು, "ಮೊದಲು ಲಕ್ಷಣ, ಆಮೇಲೆ ಪ್ರಭೇದ, ಕೊನೆಗೆ ಪ್ರಯೋಗ" ಎಂದೆ. ಅಕ್ಕನಿಂದ ವಿಷಯ ಕೇಳಿ ತಿಳಿದುಕೊಂಡು ನಾಲ್ಕು ಪುಟದ ನೋಟ್ಸನ್ನೂ ಬರೆದುಕೊಟ್ಟೆ. ಉಗುರೆಂದರೇನು, ಅದರ ಆಕಾರಗಳು ಎಷ್ಟು ಬಗೆ, ಉಪಕರಣಗಳು ಯಾವುವು, ಕೆಲಸದ ಹಂತಗಳು ಹತ್ತು. ನೋಡಿದರೆ ಅಲಂಕಾರಶಾಸ್ತ್ರದ ಗ್ರಂಥದಂತೆಯೇ ಇತ್ತು.

ಮೂರನೆಯ ದಿನ ಅಕ್ಕ ಸಪ್ಪೆ ಮುಖ ಹೊತ್ತು ಬಂದರು. ಎರಡು ದಿನ ಅವರು ನೋಟ್ಸನ್ನು ಓದಿದ್ದರು; ಹುಡುಗಿಯರು ಬರೆದುಕೊಂಡಿದ್ದರು; ಕೇಳಿದಾಗ ಹತ್ತು ಹಂತಗಳನ್ನೂ ಮಗ್ಗಿಯಂತೆ ಒಪ್ಪಿಸಿದ್ದರು. ಆ ದಿನ ಒಬ್ಬರ ಕೈ ಇನ್ನೊಬ್ಬರು ಹಿಡಿದು ಕೆಲಸಕ್ಕೆ ಕೂತಾಗ, ಹಂತಗಳನ್ನು ಎಲ್ಲರಿಗಿಂತ ಚೆನ್ನಾಗಿ ಒಪ್ಪಿಸಿದ್ದ ಹುಡುಗಿಯೇ ತನ್ನ ಗೆಳತಿಯ ಬೆರಳಿನಲ್ಲಿ ರಕ್ತ ಬರಿಸಿದಳು.

"ನೋಟ್ಸಲ್ಲಿ 'ಚರ್ಮ ತೆಗೆಯಬೇಕು' ಅಂತ ಇತ್ತು ಮೇಷ್ಟ್ರೇ. ಎಲ್ಲಿ ನಿಲ್ಲಿಸಬೇಕು ಅಂತ ಇರಲಿಲ್ಲ."

ಇಲ್ಲಿ ಸ್ವಲ್ಪ ಶರೀರಶಾಸ್ತ್ರವನ್ನು ಹೇಳಬೇಕು. ಅಕ್ಕನಿಂದ ಕಲಿತದ್ದನ್ನೇ ಹೇಳುತ್ತಿದ್ದೇನೆ. ನಾವು ಕಾಣುವ ಉಗುರು ಸತ್ತ ವಸ್ತು. ಅದನ್ನು ಹುಟ್ಟಿಸುವ ಬೇರು ಮಾತ್ರ ಜೀವಂತವಾಗಿ ಚರ್ಮದ ಅಡಿಯಲ್ಲಿದೆ. ಬುಡದಲ್ಲಿ ಕಾಣುವ ಬಿಳಿಯ ಅರ್ಧಚಂದ್ರ ಆ ಬೇರಿನ ಹೊರಅಂಚು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರಿನಂತೆ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಪೂರ್ಣವಾಗಿ ಹೊಸದಾಗಲು ಆರು ತಿಂಗಳು ಬೇಕು. ಬುಡದಲ್ಲಿ ಉಗುರಿಗೆ ಅಂಟಿಕೊಂಡಂತೆ ಎರಡು ಪೊರೆಗಳಿವೆ. ಒಂದು ಉಗುರಿನ ಮೇಲೆ ತೆಳ್ಳಗೆ ಹರಡಿದ ಸತ್ತ ಪೊರೆ. ಅದನ್ನು ತೆಗೆಯದಿದ್ದರೆ ಬಣ್ಣ ನಿಲ್ಲದು. ಇನ್ನೊಂದು ಅದರ ಹಿಂದೆಯೇ ಇರುವ ಜೀವಂತ ಚರ್ಮದ ಅಂಚು. ಹೊರಗಿನ ಕೊಳೆ ಮತ್ತು ರೋಗಾಣು ಬೇರಿಗೆ ತಲಪದಂತೆ ಕಾಯುವ ಬಾಗಿಲು ಅದು. ಮೊದಲನೆಯದನ್ನು ತೆಗೆಯುವುದು ಕಸಬು, ಎರಡನೆಯದನ್ನು ಕತ್ತರಿಸುವುದು ಅನಾಹುತ. ಬಾಗಿಲು ಮುರಿದರೆ ಉಗುರುಸುತ್ತು ಒಳಕ್ಕೆ ಬರುತ್ತದೆ. ಬೇರಿಗೇ ಪೆಟ್ಟಾದರೆ ಉಗುರು ಆಜೀವವೂ ಸೊಟ್ಟಗೆ ಬೆಳೆಯಬಹುದು. ಎರಡು ಪೊರೆಗಳ ನಡುವಿನ ಅಂತರ ಕೂದಲೆಳೆಯಷ್ಟು. ಅಕ್ಕನ ಕೈ ಹನ್ನೆರಡು ವರ್ಷ ಆ ಅಂತರದಲ್ಲಿ ಓಡಾಡಿದೆ. ಆದರೆ ಅದು ಹೇಗೆ ಗೊತ್ತಾಗುತ್ತದೆಂದು ಕೇಳಿದರೆ ಅವರಿಗೆ ಹೇಳಲು ಬರಲಿಲ್ಲ.

"ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ" ಎಂದರು.

ನನ್ನ ವಿಷಯದಲ್ಲಿ ಇದಕ್ಕೆ ವ್ಯತಿರಿಕ್ತ: ಬಾಯಿಗೆ ಎಲ್ಲ ಗೊತ್ತು. ಆದ್ದರಿಂದ ನನ್ನ ಬೋಧನಾಕ್ರಮದಿಂದ ಪ್ರಯೋಜನವಿಲ್ಲವೆಂದು ಮನಗಂಡು, ಪ್ರಾಯಶ್ಚಿತ್ತವಾಗಿ ನನ್ನ ಎರಡು ಕೈಗಳನ್ನೂ ಅವರಿಗೆ ಒಪ್ಪಿಸಿದೆ. ಅಕ್ಕ ನನ್ನ ಉಗುರುಗಳನ್ನು ತಿದ್ದುತ್ತ, ತಮ್ಮ ಕೈ ಏನು ಮಾಡುತ್ತಿದೆಯೆಂಬುದನ್ನು ಗಟ್ಟಿಯಾಗಿ ಹೇಳಬೇಕು. ನನ್ನ ಹೆಂಡತಿ ಬರೆದುಕೊಳ್ಳಬೇಕು. ಹೀಗೆ ನಾಲ್ಕು ರಾತ್ರಿ ನಡೆಯಿತು. ಕಾಲೇಜಿನಲ್ಲಿ ಸಹೋದ್ಯೋಗಿಗಳು ನನ್ನ ಬೆರಳುಗಳನ್ನು ಕಂಡು ಆಡಿಕೊಂಡ ಮಾತುಗಳನ್ನು ಇಲ್ಲಿ ಬರೆಯಲಾರೆ.

ನಾನು 'ಒಂದು, ಎರಡು' ಎಂದು ಬರೆದಿದ್ದ ಹಂತಗಳ ನಡುವೆ ಹನ್ನೊಂದು ಸಣ್ಣ ಕ್ರಿಯೆಗಳಿದ್ದವು! ಅಕ್ಕ ಮೊದಲು ಅರವನ್ನಲ್ಲ, ಕೈಯನ್ನು ಹಿಡಿಯುತ್ತಿದ್ದರು. ಬೆಚ್ಚಗಿದೆಯೆ, ಬೆವರಿದೆಯೆ, ಪಾತ್ರೆ ತೊಳೆದು ಉಗುರು ಮೆತ್ತಗಾಗಿದೆಯೆ ಎಂದು ನೋಡುತ್ತಿದ್ದರು. ಹುಣ್ಣೋ ಹಳದಿ ಬಣ್ಣವೋ ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ ವೈದ್ಯರ ಬಳಿ ಹೋಗಲು ಹೇಳುತ್ತಿದ್ದರು. ಎಡಗೈ ಹೆಬ್ಬೆರಳಿನಿಂದ ಪಕ್ಕದ ಚರ್ಮವನ್ನು ಹಿಂದಕ್ಕೆ ಸರಿಸಿ ಹಿಡಿದ ಮೇಲೆಯೇ ಬಲಗೈ ಚಲಿಸುತ್ತಿತ್ತು. ಅರದ ಸದ್ದು ಬದಲಾದೊಡನೆ ಕೈ ತಾನಾಗಿ ಹಗುರವಾಗುತ್ತಿತ್ತು. ಆ ಸದ್ದನ್ನು ತಾವು ಕೇಳುತ್ತಿದ್ದೇವೆಂಬುದು ಅಕ್ಕನಿಗೇ ಆ ರಾತ್ರಿಯವರೆಗೆ ತಿಳಿದಿರಲಿಲ್ಲ. ಅಭ್ಯಾಸ ಬಲಿತಷ್ಟೂ ಮೆಟ್ಟಿಲುಗಳು ಕಣ್ಣಿಗೆ ಕಾಣದಾಗುತ್ತವೆ. ಹತ್ತಿದವನಿಗೆ ಅದು ಸಮನೆಲವೆಂದೇ ಭ್ರಮೆ. ಕಲಿಸಹೊರಟವನು ಮತ್ತೆ ಕೆಳಕ್ಕಿಳಿದು ಒಂದೊಂದು ಮೆಟ್ಟಿಲನ್ನೂ ತಡವಿ ಎಣಿಸಬೇಕು.

ಅಕ್ಕ ಮರುವಾರ ಮಾಡಿದ ಕೆಲಸವನ್ನು ಯಾವ ಶಿಕ್ಷಣಶಾಸ್ತ್ರದ ಪುಸ್ತಕದಲ್ಲಿಯೂ ನಾನು ಓದಿಲ್ಲ. ಕುಂಚವನ್ನು ಎಡಗೈಗೆ ತೆಗೆದುಕೊಂಡು, ಹುಡುಗಿಯರೆದುರಿಗೇ ಅಭ್ಯಾಸದ ಪ್ಲಾಸ್ಟಿಕ್ ಕೈಗೆ ಬಣ್ಣ ಬಳಿಯಲು ಕೂತರು. ಕುಂಚ ನಡುಗಿತು, ಬಣ್ಣ ಚರ್ಮದ ಜಾಗಕ್ಕೆಲ್ಲ ಹರಿಯಿತು. ಹುಡುಗಿಯರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. "ನನ್ನ ಎಡಗೈ ಇನ್ನೂ ನಿಮ್ಮ ಹಾಗೇ ಕಲಿಯೋ ಹುಡುಗಿ. ಅದಕ್ಕೆ ಏನು ಕಷ್ಟ ಅಂತ ನೋಡ್ತಿದ್ದೀನಿ" ಎಂದರಂತೆ. ಅಂದಿನಿಂದ ಅವರು ಹುಡುಗಿಯರ ಎದುರಿಗೆ ಕೂಡುವುದನ್ನೂ ಬಿಟ್ಟರು. ಎದುರಿಗೆ ಕೂತು ತೋರಿಸಿದರೆ ಕನ್ನಡಿಯೊಳಗಿನಂತೆ ಎಡ ಬಲವೆಲ್ಲ ತಿರುವುಮುರುವು. ಪಕ್ಕದಲ್ಲಿ ಕೂತರೆ ಗುರುವಿನ ಕೈಯೂ ಶಿಷ್ಯಳ ಕೈಯೂ ಒಂದೇ ದಿಕ್ಕಿಗೆ ನಡೆಯುತ್ತವೆ. ನಾನೋ ಇಷ್ಟು ವರ್ಷ ವೇದಿಕೆಯ ಮೇಲೆ ನಿಂತು ಎದುರಿನಿಂದಲೇ ಪಾಠ ಹೇಳಿದವನು!

ಕಾಳಿದಾಸನ 'ಮಾಳವಿಕಾಗ್ನಿಮಿತ್ರ'ದಲ್ಲಿ ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ಜಗಳವಾಡುವ ಪ್ರಸಂಗ ಬರುತ್ತದೆ. ಕೆಲವರ ವಿದ್ಯೆ ಅವರಲ್ಲಿಯೇ ಶೋಭಿಸುತ್ತದೆ, ಕೆಲವರಿಗೆ ಅದನ್ನು ಇನ್ನೊಬ್ಬರಲ್ಲಿ ನೆಡುವ ಶಕ್ತಿಯಿರುತ್ತದೆ, ಎರಡೂ ಉಳ್ಳವನೇ ಆಚಾರ್ಯರಲ್ಲಿ ಅಗ್ರಗಣ್ಯನೆಂದು ಅಲ್ಲಿ ಪರಿವ್ರಾಜಿಕೆ ನ್ಯಾಯ ಹೇಳುತ್ತಾಳೆ. ಬಳಿಕ ಪರೀಕ್ಷೆ ನಡೆಯುವುದು ಗುರುಗಳ ಕುಣಿತದಿಂದಲ್ಲ, ಶಿಷ್ಯೆಯ ಕುಣಿತದಿಂದ. ಈ ಭಾಗವನ್ನು ಹಲವು ಸಲ ಓದಿ ಮೆಚ್ಚಿದವನು ನಾನು. ಅದರ ಅರ್ಥವನ್ನು ಕಂಡದ್ದು ಮಾತ್ರ ಅಕ್ಕನ ಎಡಗೈಯಲ್ಲಿ.

ಇಷ್ಟಾದರೂ ಅಕ್ಕನ ಮನಸ್ಸಿನಲ್ಲಿ ಇನ್ನೊಂದು ಮುಳ್ಳು ಉಳಿದಿತ್ತು. ಒಂದು ಸಂಜೆ ಕಾಫಿ ಕುಡಿಯುತ್ತ ಅದನ್ನು ಹೊರಹಾಕಿದರು. "ಈ ಇಪ್ಪತ್ತು ಹುಡುಗಿಯರೂ ಕಲಿತು ಇದೇ ಊರಲ್ಲಿ ಅಂಗಡಿ ಹಾಕಿದರೆ, ನಾಳೆ ನನಗೆ ಈ ಮೇಷ್ಟ್ರಿಕೆ ತಪ್ಪಿ ಮತ್ತೆ ಪಾರ್ಲರಿಗೆ ಹೋಗಬೇಕಾಗಿ ಬಂದರೆ, ನನ್ನ ಹತ್ತಿರ ಯಾರು ಬರ್ತಾರೆ?"

'ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ' ಎಂಬ ಸುಭಾಷಿತ ನನ್ನ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಹಳಗನ್ನಡ ಕಲಿತ ವಿದ್ಯಾರ್ಥಿ ನನ್ನ ಅನ್ನಕ್ಕೆ ಕೈಹಾಕುವುದಿಲ್ಲ. ಕಸಬಿನವರ ಮಾತು ಬೇರೆ. ಅವರು ಕೊಡುವುದು ವಿದ್ಯೆಯನ್ನಷ್ಟೇ ಅಲ್ಲ, ಗಿರಾಕಿಯನ್ನೂ. ಈ ಭಯ ನಮ್ಮ ಬೀದಿಗೆ ಸೀಮಿತವಾದದ್ದಲ್ಲವೆಂಬುದಕ್ಕೆ ಇದೇ ಕಸಬಿನ ಚರಿತ್ರೆಯಲ್ಲಿ ಒಂದು ದೊಡ್ಡ ನಿದರ್ಶನ ಸಿಕ್ಕಿತು. ಅದನ್ನು ಅಕ್ಕನಿಗೆ ಹೇಳಿದಂತೆಯೇ ವಾಚಕರಿಗೂ ಹೇಳುತ್ತೇನೆ.

1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಪತನವಾಯಿತು. ಅಲ್ಲಿಂದ ಓಡಿಬಂದ ಸಾವಿರಾರು ಜನ ಅಮೆರಿಕದ ಶಿಬಿರಗಳನ್ನು ಸೇರಿದರು. ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರದಿಂದ ಸ್ವಲ್ಪ ದೂರದ ವೈಮಾರ್ ಎಂಬಲ್ಲಿ 'ಹೋಪ್ ವಿಲೇಜ್' ಎಂದೊಂದು ಶಿಬಿರವಿತ್ತು. 1963ರಲ್ಲಿ ತೆರೆಕಂಡ ಹಿಚ್‌ಕಾಕನ 'ದಿ ಬರ್ಡ್ಸ್' ಚಿತ್ರದ ನಾಯಕಿ ಟಿಪ್ಪಿ ಹೆಡ್ರನ್ ಅಲ್ಲಿ ಸೇವಾಕಾರ್ಯದಲ್ಲಿ ತೊಡಗಿದ್ದರು. ನಿರಾಶ್ರಿತ ಹೆಂಗಸರಿಗೆ ಒಂದು ಜೀವನೋಪಾಯ ಬೇಕು. ಹೊಲಿಗೆಯವರನ್ನು ಕರೆಸಿದರು, ಟೈಪು ಕಲಿಸುವವರನ್ನು ಕರೆಸಿದರು. ಆದರೆ ಆ ಹೆಂಗಸರ ಕಣ್ಣು ನೆಟ್ಟದ್ದು ನಟಿಯ ಉಗುರುಗಳ ಮೇಲೆ! ಹೆಡ್ರನ್ ಅದನ್ನು ಗಮನಿಸಿ, ತಮ್ಮ ಉಗುರುಗಳನ್ನು ತಿದ್ದುತ್ತಿದ್ದ ಡಸ್ಟಿ ಕೂಟ್ಸ್ ಬುಟೇರಾ ಎಂಬಾಕೆಯನ್ನು ವಿಮಾನದಲ್ಲಿ ಕರೆಸಿಕೊಂಡರು. ಕಲಿಯಲು ಕೂತವರು ಇಪ್ಪತ್ತು ಮಂದಿ. ಹೆಚ್ಚಿನವರು ಸೇನಾಧಿಕಾರಿಗಳ ಮಡದಿಯರು. ಗಿರಾಕಿಗಳ ಬೆರಳು ಹಿಡಿದು ಬದುಕುತ್ತಿದ್ದ ಹೆಂಗಸು ಹೀಗೆ ಪರಭಾಷೆಯ ಇಪ್ಪತ್ತು ಮಂದಿಗೆ ಗುರುವಾದರು. ಬಳಿಕ ಹತ್ತಿರದ ಸೌಂದರ್ಯಶಾಲೆಯಲ್ಲಿ ಶಿಕ್ಷಣ ಪೂರೈಸಿ ಆ ಇಪ್ಪತ್ತು ಮಂದಿ ಪರವಾನಗಿ ಪಡೆದರು.

ಅವರಲ್ಲೊಬ್ಬರಾದ ಥುವಾನ್ ಲೆ ತಮ್ಮ ಬಾಲ್ಯದ ಗೆಳತಿಯನ್ನು ಇದೇ ಕಸಬಿಗೆ ಎಳೆದುತಂದರು. ಆ ಗೆಳತಿಯೂ ಆಕೆಯ ಪತಿಯೂ ಸೇರಿ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಮೊದಲು ಅಂಗಡಿ ತೆರೆದರು, ಆಮೇಲೆ 'ಅಡ್ವಾನ್ಸ್ ಬ್ಯೂಟಿ ಕಾಲೇಜ್' ಎಂಬ ಶಾಲೆಯನ್ನೇ ತೆರೆದರು. ಅಲ್ಲಿನ ಹೆಚ್ಚುಗಾರಿಕೆಯೆಂದರೆ ವಿಯೆಟ್ನಾಮಿ ಭಾಷೆಯಲ್ಲಿಯೇ ಪಾಠ. ಕ್ಯಾಲಿಫೋರ್ನಿಯದಲ್ಲಿ ಉಗುರಿನ ಕೆಲಸಕ್ಕೂ ಪರವಾನಗಿ ಬೇಕು. ಅದಕ್ಕೆ 400 ಗಂಟೆಗಳ ಶಿಕ್ಷಣ ಬೇಕು. 1996ರಿಂದ ಪರವಾನಗಿಯ ಲಿಖಿತ ಪರೀಕ್ಷೆಯನ್ನು ವಿಯೆಟ್ನಾಮಿಯಲ್ಲಿಯೂ ಬರೆಯುವ ಅವಕಾಶವಾಯಿತು. ತಾಯ್ನುಡಿಯಲ್ಲಿ ಕಲಿಸಿದರೆ ವಿದ್ಯೆ ಎಷ್ಟು ಬೇಗ ಕೈಗಿಳಿಯುತ್ತದೆಂಬುದಕ್ಕೆ ಕನ್ನಡ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ? 2015ರ ಹೊತ್ತಿಗೆ ಅಮೆರಿಕದಲ್ಲಿ ಈ ಕಸಬು ಮಾಡುವವರಲ್ಲಿ ಸುಮಾರು ಅರ್ಧದಷ್ಟು ಜನ ವಿಯೆಟ್ನಾಮಿ ಮೂಲದವರೆಂದು ಅಂದಾಜಾಗಿತ್ತು.

"ಹಾಗಾದರೆ ಎಲ್ಲರೂ ಬದುಕಿದರು" ಎಂದು ಅಕ್ಕ ನಿಟ್ಟುಸಿರು ಬಿಟ್ಟರು. ನಾನು ಕತೆಯ ಉಳಿದ ಅರ್ಧವನ್ನೂ ಹೇಳಬೇಕಾಯಿತು. ಕೈಗಳು ಹೆಚ್ಚಿದಂತೆ ಕೂಲಿ ಇಳಿಯಿತು. ಹಿಂದೆ ಸಿರಿವಂತರಿಗಷ್ಟೇ ಎಟುಕುತ್ತಿದ್ದ ಸೇವೆ ಅಂಗಡಿಯ ಗುಮಾಸ್ತೆಗೂ ಎಟುಕಿತು, ಇದು ಒಳ್ಳೆಯದೇ. ಆದರೆ ಪಕ್ಕದವಳಿಗಿಂತ ಒಂದು ಡಾಲರು ಕಡಿಮೆಯೆಂದು ಹಲಗೆ ಬರೆಯುವ ಪೈಪೋಟಿಯೂ ಬೆಳೆಯಿತು.

ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ಬೆಲೆ ಇಳಿಸೋರು ಮೊದಲು ಇಳಿಸೋದು ಸಾಮಾನಿನಲ್ಲಿ ಮೇಷ್ಟ್ರೇ. ನನಗೆ ಗೊತ್ತು."

ಅವರ ಮಾತು ಎಷ್ಟು ನಿಜವೆಂಬುದನ್ನು ಆಮೇಲೆ ಓದಿ ತಿಳಿದೆ. ಕೃತಕ ಉಗುರಿಗೆ ಮೀಥೈಲ್ ಮೆಥಕ್ರಿಲೇಟ್ ಎಂಬ ಅಗ್ಗದ ದ್ರವವೊಂದನ್ನು ಬಳಸುತ್ತಿದ್ದರು. ಅದು ಉಗುರಿಗೆ ಎಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆಂದರೆ, ಕೃತಕ ಉಗುರು ಎಲ್ಲಿಗಾದರೂ ತಗುಲಿದಾಗ ಅದು ಮುರಿಯುವ ಬದಲು ಅಡಿಯ ನಿಜವಾದ ಉಗುರೇ ಕಿತ್ತುಬರುತ್ತದೆ. 1970ರ ದಶಕದಲ್ಲಿಯೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದರ ಮೇಲೆ ಕ್ರಮ ಕೈಗೊಂಡಿತು. ಆದರೂ ಕಡಿಮೆ ಬೆಲೆಯ ಆಸೆಗೆ ಅದನ್ನು ಬಳಸಿದವರು ಇದ್ದಾರೆ. ಜೆಲ್ ಮತ್ತು ಅಕ್ರಿಲಿಕ್‌ಗಳು ಗಟ್ಟಿಯಾಗುವ ಮೊದಲು ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಬರುವ ಒಗ್ಗದಿಕೆ ಜೀವಮಾನವಿಡೀ ಬಿಡದೆ ಉಳಿಯಬಹುದೆಂದೂ, ಮುಂದೆ ದಂತವೈದ್ಯರು ಬಳಸುವ ಅದೇ ಜಾತಿಯ ವಸ್ತುಗಳೂ ಆ ದೇಹಕ್ಕೆ ಸಲ್ಲದೆ ಹೋಗಬಹುದೆಂದೂ ಚರ್ಮವೈದ್ಯರು ಹೇಳುತ್ತಾರೆ. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲಿಯೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅವಸರದಲ್ಲಿ ಕಲಿತ ಕೈ ಅಗ್ಗದ ಸಾಮಾನನ್ನು ಹಿಡಿದರೆ ಕೆಡುವುದು ಗಿರಾಕಿಯ ಬೆರಳು ಮಾತ್ರವಲ್ಲ, ದಿನವೂ ಅದನ್ನು ಮುಟ್ಟುವ ಕೆಲಸದವಳ ಬೆರಳೂ.

ಅಂದಿನಿಂದ ಅಕ್ಕನ ಪಾಠದ ದಾರಿ ಬದಲಾಯಿತು. ಹೂಬಳ್ಳಿ ಬರೆಯುವುದನ್ನು ಕೊನೆಗೆ ತಳ್ಳಿದರು. ಮೊದಲ ವಾರವೆಲ್ಲ ಕೈ ತೊಳೆಯುವುದು, ಉಪಕರಣಗಳನ್ನು ಶುದ್ಧಿ ಮಾಡುವುದು, ಬಾಟಲಿಯ ಮೇಲಿನ ಸಣ್ಣಕ್ಷರವನ್ನು ಓದುವುದು, ಕಿಟಕಿ ತೆರೆದಿಡುವುದು, ಯಾವಾಗ 'ಇಂದು ಈ ಉಗುರಿಗೆ ಕೆಲಸ ಮಾಡಲಾರೆ' ಎನ್ನಬೇಕೆಂಬುದು. ಹುಡುಗಿಯರು ಗೊಣಗಿದರು. ಕೇಂದ್ರದವರೂ, "ಇಷ್ಟು ನಿಧಾನವಾದರೆ ಹೇಗೆ?" ಎಂದರು. ಅಕ್ಕ ಬಗ್ಗಲಿಲ್ಲ. "ನಾನು ಕಳೆದುಕೊಳ್ಳೋದು ಹೇಗೂ ಕಳೆದುಕೊಳ್ತೀನಿ. ಕಳೆದುಕೊಂಡದ್ದು ಒಳ್ಳೇ ಕೈಗೆ ಹೋಗಲಿ" ಎಂದು ನನ್ನ ಹೆಂಡತಿಯ ಬಳಿ ಅಂದರಂತೆ. ಕಸಬಿನವಳು ಗುರುವಾದದ್ದು ಆ ದಿನವೆಂದೇ ನನ್ನ ಭಾವನೆ. ಕೆಲಸದ ಆದೇಶ ಕೈಗೆ ಬಂದ ದಿನವಲ್ಲ.

ಕಳೆದ ತಿಂಗಳು, ಗೆಳತಿಯ ಬೆರಳಿನಲ್ಲಿ ರಕ್ತ ಬರಿಸಿದ್ದ ಅದೇ ಹುಡುಗಿ, ಅಕ್ಕ ಹನ್ನೆರಡು ವರ್ಷ ದುಡಿದ ಪಾರ್ಲರಿನ ಎದುರು ಸಾಲಿನಲ್ಲಿಯೇ ಒಂದು ಪುಟ್ಟ ಅಂಗಡಿ ತೆರೆದಳು. ನಾನು ಮನಸ್ಸಿನಲ್ಲಿಯೇ ಅಳುಕಿದೆ. ಅಕ್ಕ ಮಾತ್ರ ಬೆಳಗ್ಗೆಯೇ ಹೋಗಿ, ಬೋಣಿಯ ಗಿರಾಕಿಯಾಗಿ ಮೇಜಿನ ಮುಂದೆ ಕೂತು ಕೈ ಚಾಚಿದರಂತೆ. ಹುಡುಗಿ ಮೊದಲು ಅರವನ್ನು ಮುಟ್ಟಲಿಲ್ಲ. ಗುರುವಿನ ಕೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದು ನೋಡಿದಳು. ಎಡ ಹೆಬ್ಬೆರಳಿನಿಂದ ಚರ್ಮವನ್ನು ಸರಿಸಿದಳು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದಳು.

ಕೆಲಸ ಮುಗಿದ ಮೇಲೆ ಎಷ್ಟು ಹೇಳಿದರೂ ಅವಳು ಹಣ ಮುಟ್ಟಲೊಲ್ಲಳು. ಅಕ್ಕ ಗೋಡೆಯ ಮೇಲಿನ ದರಪಟ್ಟಿಯನ್ನು ಓದಿ, ಪೂರ್ತಿ ಮೊತ್ತವನ್ನು ಎಣಿಸಿ ಮೇಜಿನ ಮೇಲಿಟ್ಟರು.

"ತಗೋ ಮಗಳೇ. ಯಾರಿಗೂ ಬೆಲೆ ಇಳಿಸಬೇಡ. ನನಗೂ ಕೂಡ" ಎಂದು ಹೇಳಿ, ಬಸ್ಸು ಹಿಡಿದು ತರಗತಿಗೆ ಹೋದರಂತೆ.